ಇಳಾ ಎಂಬ ಒಂದು ಕರೆ

“ಗುರುಗಳೇ, ದೇವರನ್ನು ಬಾಯ್ತುಂಬ ಕರೆಯಬೇಕೆಂಬ ಹಂಬಲ ನನಗಿದೆ. ಆದರೆ ಮನಸ್ಸಿನ ಕೊಳೆ ಇನ್ನೂ ಹೋಗಿಲ್ಲ. ಅದು ಪೂರ್ತಿ ಹೋದ ಮೇಲೆ ಕರೆಯೋಣವೆಂದು ತಡೆದುಕೊಂಡಿದ್ದೇನೆ. ಇದು ಸರಿಯಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ತಾರಿಣಿ ಎಂಬುವಳಿದ್ದಳು. ಮೊಬೈಲಿಗೆ ಆ್ಯಪ್ ಬರೆಯುವುದು ಅವಳ ಕಸುಬು. ಅದೇ ಊರಿನಲ್ಲಿ ಅವಳಿಗೆ ವನಜಾ ಎಂಬ ಗೆಳತಿ. ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ವನಜಾಳ ಮಾತು ನಿಂತುಹೋಗಿತ್ತು. ಹೇಳಬೇಕಾದುದನ್ನೆಲ್ಲ ಅವಳು ಬರೆದು ತೋರಿಸುತ್ತಿದ್ದಳು. ಅವಳ ಮಗಳು ಇಳಾ. ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಆರು ತಿಂಗಳಲ್ಲಿ ಅವಳು ಗಡಿಯ ಕಡೆ ಹೊರಡುವವಳಿದ್ದಳು.

ವನಜಾ ಗೆಳತಿಗೆ ಬರೆದಳು: “ಅವಳು ಹೊರಡುವ ದಿನ ಒಂದು ಸಲ ಹೆಸರು ಹಿಡಿದು ಕೂಗಬೇಕು ಕಣೇ. ಅಷ್ಟು ಸಾಕು.”

ಮಗಳು ಚಿಕ್ಕವಳಿದ್ದಾಗ ವನಜಾ ಓದಿ ಧ್ವನಿಮುದ್ರಿಸಿದ್ದ ಕತೆಗಳು ಉಳಿದಿದ್ದವು. ಬರೆದ ಮಾತನ್ನು ಆ ದನಿಯಲ್ಲೇ ನುಡಿಯುವ ಆ್ಯಪ್ ಮಾಡಲು ತಾರಿಣಿ ಕುಳಿತಳು. ತನ್ನ ಕಂಪ್ಯೂಟರು ಸಾಲದೆಂದು ಚಂದಾ ಕಟ್ಟಿ ಒಂದು ಕ್ಲೌಡ್ ಸೇವೆಗೆ ಸೇರಿದಳು. ಅವಳು ಕೋಡ್ ತಿದ್ದಿ ಕಳಿಸಿದಾಗಲೆಲ್ಲ ಎಲ್ಲಿಯೋ ದೂರದ ಕಂಪ್ಯೂಟರುಗಳು ಅದನ್ನು ಜೋಡಿಸಿ ಆ್ಯಪ್ ಮಾಡುತ್ತಿದ್ದವು. ಅವಳು ಬರೆದಿಟ್ಟ ಪರೀಕ್ಷೆಗಳನ್ನೆಲ್ಲ ನಡೆಸಿ, ಸರಿಯಿದ್ದರೆ ಹಸಿರು ಗುರುತು, ತಪ್ಪಿದ್ದರೆ ಕೆಂಪು ಗುರುತು ತೋರಿಸುತ್ತಿದ್ದವು. ಒಂದೇ ಒಂದು ಪರೀಕ್ಷೆ ತಪ್ಪಿದರೂ ಆ್ಯಪ್ ವನಜಾಳ ಫೋನಿಗೆ ಹೋಗಕೂಡದೆಂದು ತಾರಿಣಿಯೇ ಕಟ್ಟಳೆ ಮಾಡಿದ್ದಳು.

ನಾಲ್ಕು ತಿಂಗಳಿಗೆ ಆ್ಯಪ್ ಮಾತನಾಡಿತು. ದನಿ ವನಜಾಳದೇ. ಕೇಳಿ ತಾರಿಣಿ ಅತ್ತಳು. ಆದರೆ ಅದಕ್ಕೆ ಳಕಾರ ಹೊರಳಲಿಲ್ಲ. ‘ಇಳಾ’ ಎಂದು ಬರೆದರೆ ‘ಇಲಾ’ ಎನ್ನುತ್ತಿತ್ತು. ತಾರಿಣಿ ಅದಕ್ಕೂ ಒಂದು ಪರೀಕ್ಷೆ ಬರೆದಳು. ಕೆಂಪು. ತಿದ್ದಿ ಕಳಿಸಿದಳು. ಮತ್ತೆ ಕೆಂಪು.

“ಆಯಿತೇನೇ?” ಎಂದು ವನಜಾ ವಾರವಾರವೂ ಸಂದೇಶ ಕಳಿಸುತ್ತಿದ್ದಳು.

“ಒಂದೇ ಅಕ್ಷರ ಬಾಕಿ. ಮಗಳ ಹೆಸರನ್ನೇ ‘ಇಲಾ’ ಎಂದು ಕೆಡಿಸಿ ನಿನ್ನ ಕೈಗೆ ಹೇಗೆ ಕೊಡಲಿ?” ಎನ್ನುತ್ತಿದ್ದಳು ತಾರಿಣಿ.

ಇಳಾ ಹೊರಡುವ ದಿನ ಬಂತು. ಅಂದು ಬೆಳಗ್ಗೆಯೂ ಕೆಂಪು. ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ಇಳಾ ಪೆಟ್ಟಿಗೆ ಹಿಡಿದು ಮುಂದೆ ಹೋದಳು. ವನಜಾ ಜನರ ನಡುವೆ ಹಿಂದೆ ಸಿಕ್ಕಿಕೊಂಡಳು. ಕೈ ಎತ್ತಿದಳು. ಮುಂದೆ ಹೋಗುತ್ತಿರುವವಳಿಗೆ ಹಿಂದೆ ಎತ್ತಿದ ಕೈ ಕಾಣುವುದೆಲ್ಲಿ? ರೈಲು ಹೊರಟುಹೋಯಿತು.

ಹದಿನೇಳು ದಿನಗಳ ಮೇಲೆ ಹಸಿರು ಗುರುತು ಬಂತು. ತಾರಿಣಿ ಗೆಳತಿಯ ಮನೆಗೆ ಓಡಿದಳು. ತನ್ನ ಫೋನಿನಿಂದ ಇಳಾಳಿಗೆ ಕರೆ ಮಾಡಿ, ವನಜಾಳ ಫೋನನ್ನು ಅದರ ಪಕ್ಕ ಹಿಡಿದಳು.

“ಇಳಾ” ಎಂದಿತು ಆ ದನಿ.

ಅತ್ತ ಕಡೆಯಿಂದ, “ಅಮ್ಮಾ, ಇನ್ನೊಂದು ಸಲ ಕರಿ” ಎಂದಳು ಮಗಳು.

ಕರೆ ಮುಗಿದ ಮೇಲೆ ತಾರಿಣಿ ಕಣ್ಣೊರೆಸಿಕೊಂಡು, “ನೋಡು, ಈಗ ಒಂದಿಷ್ಟೂ ತಪ್ಪಿಲ್ಲ” ಎಂದಳು.

ವನಜಾ ಅವಳ ಕೈ ಸವರಿದಳು. ಫೋನಿನಲ್ಲಿ ನಿಧಾನವಾಗಿ ಬರೆದಳು. ಅವಳ ಹಳೆಯ ದನಿಯೇ ನುಡಿಯಿತು: “ಅವತ್ತು ‘ಇಲಾ’ ಅಂದಿದ್ದರೂ ಅವಳು ತಿರುಗಿ ನೋಡುತ್ತಿದ್ದಳು ಕಣೇ.”

ಕತೆ ಅಲ್ಲಿಗೆ ನಿಂತಿತು. ಶಿಷ್ಯ, “ಆದರೂ ಗುರುಗಳೇ, ಇಂಥ ಬಾಯಿಂದ…” ಎಂದು ತೊಡಗಿದ.

ಗುರುಗಳು ಕೇಳಿದರು: “ಹಂಬಲ ಕರೆಯುವ ನಿನ್ನೊಬ್ಬನದೇ ಎಂದುಕೊಂಡೆಯಾ, ಮಗೂ?”