ಮೊಟ್ಟೆಗೆ ಮೊಟ್ಟೆ

ರಷ್ಯಾದ ರಾಣಿಯ ಚಿನ್ನದ ಮೊಟ್ಟೆ ಯಾವುದಕ್ಕೂ ಒಡೆಯುವುದಿಲ್ಲ ಎಂದು ಆಗ ಅರಮನೆಯಲ್ಲಿ ಎಲ್ಲರೂ ನಂಬಿದ್ದರು. ಅದಕ್ಕೆ ಮೈತುಂಬ ನೀಲಿ ಎನಾಮಲ್ ಲೇಪ, ಸೊಂಟಕ್ಕೆ ವಜ್ರದ ಸಾಲು.

ಆ ದೇಶದಲ್ಲಿ ಈಸ್ಟರ್ ಹಬ್ಬದ ದಿನ ಮೊಟ್ಟೆಗೆ ಮೊಟ್ಟೆ ಕುಟ್ಟುವ ಆಟವುಂಟು. ಒಡೆದದ್ದು ಸೋತಂತೆ. ಪುಟ್ಟ ರಾಜಕುಮಾರಿ ಅಡುಗೆಮನೆಯಿಂದ ಬೇಯಿಸಿದ ಕೋಳಿಮೊಟ್ಟೆಯೊಂದನ್ನು ತಂದು, ಇನ್ನೊಂದು ಕೈಯಲ್ಲಿ ಚಿನ್ನದ್ದನ್ನು ಎತ್ತಿಕೊಂಡಳು.

"ನನ್ನೆದುರು ನೀನೇ? ನಿನ್ನ ಕುಲವೇನು?" ಎಂದಿತು ಚಿನ್ನದ ಮೊಟ್ಟೆ.

"ಕೋಳಿ. ತಮ್ಮದು?"

"ನನ್ನನ್ನು ಅಕ್ಕಸಾಲಿಗರು ಒಂದು ವರ್ಷ ಕೂತು ಮಾಡಿದರು."

"ನನ್ನದು ಒಂದೇ ದಿನದ ಕೆಲಸ, ಸ್ವಾಮಿ. ಸೋತರೆ ಈಗಲೇ ಸುಲಿದು ತಿನ್ನುತ್ತಾರೆ. ದಯವಿಟ್ಟು ಸ್ವಲ್ಪ ಮೆಲ್ಲಗೆ."

"ಹೆದರಬೇಡ. ನಿನಗೆ ಗೊತ್ತೇ ಆಗುವುದಿಲ್ಲ."

ರಾಜಕುಮಾರಿ ಕುಟ್ಟಿದಳು. ರಾಣಿ ಚೀರಿದಳು. ಕಾವಲಿನವನು ತೆರೆದ ಬಾಯಿ ಮುಚ್ಚಲಿಲ್ಲ. ನೀಲಿ ಚೂರುಗಳು ನೆಲದ ಮೇಲೆಲ್ಲ ಚೆಲ್ಲಿದ್ದವು. ಕೋಳಿಮೊಟ್ಟೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದದ್ದು ಅದೇ.

"ಸ್ವಾಮಿ, ಈ ಚೂರುಗಳು ತಮ್ಮವೇ?" ಎಂದು ಕೇಳಿತು.



ಎನಾಮಲ್ ಎಂದರೆ ಕರಗಿಸಿ ಬಳಿದ ಗಾಜು.