ಮೂರನೆಯ ಹೆಸರು

ಮಹಿಳೆಯರ ಆಶ್ರಯಧಾಮವೊಂದರ ಕಂಪ್ಯೂಟರಿನಲ್ಲಿ ಒಂದು ಇಮೇಲ್ ಹೊರಡಲು ಸಿದ್ಧವಾಗಿತ್ತು. ಗಂಡನ ಹೊಡೆತ ತಾಳಲಾರದೆ ಓಡಿಬಂದ ಭಾರ್ಗವಿ ಅಡಗಿದ್ದ ಆ ಮನೆಯ ವಿಳಾಸ ಅದರೊಳಗಿತ್ತು. ಭಾರ್ಗವಿಯ ವಕೀಲರು ಫೋನಿನಲ್ಲಿ ಕೇಳಿದ್ದಕ್ಕೆ ಮೇಲ್ವಿಚಾರಕಿ ಐರಿನ್ ಬರೆದಿದ್ದಳು. ತನ್ನಿಂದ ಒಬ್ಬಳಿಗೆ ಒಳ್ಳೆಯದಾಗುತ್ತದೆಂದು ಇಮೇಲಿಗೆ ಹಿಗ್ಗೋ ಹಿಗ್ಗು.

ಅಷ್ಟರಲ್ಲಿ ಐರಿನ್, ಕಳಿಸುವ ಮುನ್ನ ಒಮ್ಮೆ ನೋಡೋಣವೆಂದು, ಕಂಪ್ಯೂಟರಿಗೆ ಅಪ್ಪಣೆ ಕೊಡುವ ಕಪ್ಪು ಪರದೆಯಲ್ಲಿ ಒಂದು ಪದ ಟೈಪ್ ಮಾಡಿ ಪುಟ್ಟ ಕಮಾಂಡ್ ಒಂದನ್ನು ಕರೆದಳು. ಅದು ಬಂದು ಇಮೇಲಿಗೆ ಅಡ್ಡ ನಿಂತಿತು.

“ದಾರಿ ಬಿಡಪ್ಪಾ! ನಾನು ಹೊತ್ತಿರುವ ಹೆಣ್ಣಿನ ಸಂಕಟ ನಿನಗೇನು ಗೊತ್ತು?” ಎಂದು ಇಮೇಲ್ ಸಿಡುಕಿತು.

“ನಿನ್ನೊಳಗೆ ಏನಿದೆಯೋ ನಾನು ನೋಡುವವನಲ್ಲ. ನೀನು ಯಾರ್ಯಾರ ಕೈ ಸೇರುತ್ತೀಯೋ ಅಷ್ಟನ್ನೇ ಹೇಳುತ್ತೇನೆ,” ಎಂದು ಕಮಾಂಡ್ ಓದತೊಡಗಿತು. “ವಕೀಲ ಸದಾನಂದ. ಅವರ ಸಹಾಯಕಿ ನಸೀಮಾ. ಜಯಂತ.”

ಇಮೇಲಿನ ಹಿಗ್ಗೆಲ್ಲ ಇಳಿದುಹೋಯಿತು. ಜಯಂತನೆಂದರೆ ಭಾರ್ಗವಿಯ ಗಂಡ. ರಾಜಿ ಮಾತಿಗೆಂದು ವಕೀಲರು ಹಿಂದೊಮ್ಮೆ ಅವನೂ ಸೇರಿ ಎಲ್ಲರಿಗೂ ಒಂದು ಇಮೇಲ್ ಬರೆದಿದ್ದರು. ಐರಿನ್ ವಿಳಾಸವನ್ನು ಆ ಹಳೆಯ ಇಮೇಲಿಗೇ ಎಲ್ಲರಿಗೂ ಉತ್ತರವಾಗಿ ಬರೆದದ್ದರಿಂದ ಅವನ ಹೆಸರೂ ಅಂಟಿಕೊಂಡು ಬಂದಿತ್ತು.

“ಅಯ್ಯೋ ದೇವರೇ!” ಎಂದಳು ಪರದೆಯಲ್ಲಿ ಮೂಡಿದ ಹೆಸರುಗಳನ್ನು ಕಂಡ ಐರಿನ್. ಜಯಂತನ ಹೆಸರನ್ನು ಅಳಿಸಿ, ಕಮಾಂಡನ್ನು ಮತ್ತೆ ಕರೆದಳು. ಈ ಸಲ ಅದು ಎರಡೇ ಹೆಸರು ಓದಿ ಪಕ್ಕಕ್ಕೆ ಸರಿಯಿತು.

ಇಮೇಲಿಗೆ ಕೂಡಲೇ ಹೊರಡಲಾಗಲಿಲ್ಲ. “ಅಣ್ಣಾ, ಅವಳನ್ನು ನಾನೇ ಅವನ ಕೈಗೆ ಕೊಟ್ಟುಬಿಡುತ್ತಿದ್ದೆ. ಈ ಉಪಕಾರ ಹೇಗೆ ತೀರಿಸಲಿ?”

“ತೀರಿಸುವುದೇನು ಬಂತು? ನಿನ್ನ ಹಿಂದೆ ಬರುವ ಇಮೇಲುಗಳಿಗೂ ನನ್ನ ಬಳಿ ಒಂದು ಗಳಿಗೆ ನಿಂತು ಹೋಗಲು ಹೇಳು, ಸಾಕು.”

ಇಮೇಲ್ ಕೈಮುಗಿದು ಹೊರಟಿತು. ಒಳಗೆ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಭಾರ್ಗವಿ ಯಾವುದೋ ಮಾತಿಗೆ ಜೋರಾಗಿ ನಗುವುದು ಅದಕ್ಕೆ ಕೇಳಿಸಿತು.