ಬೆನ್ನಿನ ಮೇಲಿನ ಕೆಮ್ಮಣ್ಣು

ತುಂಗಭದ್ರೆಯ ಈ ದಡದಿಂದ ಆ ದಡದವರೆಗೆ, ಕತ್ತಿ ಹಿಡಿದು ನನ್ನನ್ನು ಗೆದ್ದವರು ಇನ್ನೂ ಹುಟ್ಟಿಲ್ಲ.

ಸುಳ್ಳು. ಹುಟ್ಟಿದ್ದಾರೆ. ಹನ್ನೆರಡು ಜನ ನನಗೇ ಗೊತ್ತು. ಅವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಒಬ್ಬಾಕೆ ರವಿಕೆ ಹೊಲಿಯುವ ಟೈಲರು. ಆಕೆ ನನ್ನನ್ನು ಗೆಲ್ಲುವಾಗ ಬಾಯಲ್ಲಿ ಎಲೆಯಡಿಕೆ ಇತ್ತು, ಉಗುಳಲು ಕೂಡ ಪುರಸೊತ್ತು ತೆಗೆದುಕೊಳ್ಳಲಿಲ್ಲ.

ನಾನು ವಿರೂಪಾಕ್ಷಿ. ಮದುವೆ ಫೋಟೋ ತೆಗೆಯುವವನು. ಅಳುವವರನ್ನು ನಗಿಸಿ ನಿಲ್ಲಿಸುವುದು ನನ್ನ ಕಸುಬು. ಹಾಗಾಗಿ ಈ ಟೀ ಕುಡಿಯುತ್ತಾ ನನ್ನ ಮಾತನ್ನೂ ಸ್ವಲ್ಪ ಸೋಸಿಕೊಳ್ಳಿ.

ಹೊಳೆಯ ದಂಡೆಯ ಮೇಲೆ ಓಬಳಪ್ಪ ಗುರುಗಳ ಗರಡಿ. ಎರಡು ತಿಂಗಳಿಗೊಮ್ಮೆ ಶನಿವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದೆವು, ಭಾನುವಾರ ಸಂಜೆ ಚದುರುತ್ತಿದ್ದೆವು. ಹಳೆಯ ಕೋಟೆಗಳ ಕಾಲದ ಕತ್ತಿವರಸೆಯ ಹುಚ್ಚು ಹಿಡಿದವರು. ಸೋಮವಾರ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಶನಿವಾರ ಮಾತ್ರ ಎಲ್ಲರೂ ಕೋಟೆ ಕಾಯುವವರು.

ಕತ್ತಿಗಳ ಅಂಚು ಉಜ್ಜಿ ಮೊಂಡು ಮಾಡಿದ್ದೆವು. ತೀರ್ಪು ಕೊಡುವವರು ಯಾರೂ ಇರಲಿಲ್ಲ. ಆ ಗರಡಿಯ ಪದ್ಧತಿಯೇ ಹಾಗೆ.

ಏಟು ತಗುಲಿದವನೇ ಆಟ ನಿಲ್ಲಿಸಬೇಕು. ಬಗ್ಗಿ ಅಖಾಡದ ಕೆಮ್ಮಣ್ಣು ತೆಗೆದು, ತಗುಲಿದ ಜಾಗಕ್ಕೆ ತಾನೇ ಹಚ್ಚಿಕೊಳ್ಳಬೇಕು. ಹೊಡೆದವನು ಬಾಯಿ ಬಿಡುವಂತಿಲ್ಲ. ತಗುಲಿತು ಅನ್ನುವಂತಿಲ್ಲ, ತಗುಲಲಿಲ್ಲ ಅಂತಲೂ ಅನ್ನುವಂತಿಲ್ಲ. ನೆಲ ನೋಡುತ್ತಾ ನಿಲ್ಲಬೇಕು.

ಎಲ್ಲರಿಗೂ ಬಿಳಿ ಅಂಗಿ. ಎದೆಯ ಮೇಲೆ, ತೋಳಿನ ಮೇಲೆ ಮಣ್ಣಿದ್ದರೆ ಅದು ಮರ್ಯಾದೆ. ಬೆನ್ನ ಮೇಲಿದ್ದರೆ ಅವನು ತಿರುಗಿ ಓಡಿದವನು. ನನಗೆ ತಿಳಿದಂತೆ ಆ ಗರಡಿಯಲ್ಲಿ ಯಾರ ಬೆನ್ನಿಗೂ ಮಣ್ಣಾಗಿರಲಿಲ್ಲ.

"ಗುರುಗಳೇ, ತಗುಲಿಯೂ ಹಚ್ಚಿಕೊಳ್ಳದಿದ್ದರೆ?" ಎಂದು ಸೇರಿದ ಹೊಸತರಲ್ಲಿ ಕೇಳಿದ್ದೆ.

"ಯಾರು, ನೀನಾ?"

"ಅಂದುಕೊಳ್ಳಿ."

"ಹಚ್ಚಿಕೊಂಡ ಮಣ್ಣು ತೊಳೆದರೆ ಹೋಗುತ್ತೆ. ಹಚ್ಚಿಕೊಳ್ಳದ ಮಣ್ಣನ್ನು ಯಾವ ಹೊಳೆಯಲ್ಲಿ ತೊಳೀತೀಯೋ?"

ನಾನು ನಕ್ಕೆ. ಆಗ ನನಗೆ ಎಲ್ಲಕ್ಕೂ ನಗು ಬರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಒಬ್ಬ ಹೆಂಗಸು ಗರಡಿಯ ಬಾಗಿಲಿಗೆ ಬಂದಳು. ಕಂಕುಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಉದ್ದನೆಯ ಗಂಟು.

"ಡಿಪೋ ಮೆಕ್ಯಾನಿಕ್ ಇದ್ರಲ್ಲ, ನಾನು ಅವರ ಮನೆಯಾಕಿ," ಅಂದಳು. "ಮಾರೆಕ್ಕ ಅಂತ."

ಜಂಬಣ್ಣನ ಹೆಂಡತಿ. ಜಂಬಣ್ಣ ನಮ್ಮ ಜೊತೆಗಾರ, ನಮ್ಮೆಲ್ಲರಿಗಿಂತ ಒಳ್ಳೆಯ ಆಟಗಾರ. ಮೂರು ವರ್ಷದಿಂದ ಬಂದಿರಲಿಲ್ಲ.

"ಜಂಬಣ್ಣ ಹೇಗಿದ್ದಾನಮ್ಮ?" ಗುರುಗಳ ಮುಖ ಅರಳಿತು.

"ತೀರಿಕೊಂಡು ತಿಂಗಳಾತು, ಗುರುಗಳೇ. ಜ್ವರ ಬಂತು. ಒಂಬತ್ತನೇ ದಿನಕ್ಕೆ ಹೋದ್ರು."

ಗುರುಗಳು ಏಳಲು ಹೋದರು. ಆಗಲಿಲ್ಲ. ಟೈಲರ್ ಶಕುಂತಲಕ್ಕ ಅವರ ತೋಳು ಹಿಡಿದುಕೊಂಡಳು.

ಮಾರೆಕ್ಕ ಗಂಟು ಬಿಚ್ಚಿದಳು. ಒಳಗೆ ಜಂಬಣ್ಣನ ಕತ್ತಿ. ಎಣ್ಣೆ ಹಚ್ಚಿ ಒರೆಸಿದ್ದು ಹೊಳೆಯುತ್ತಿತ್ತು.

"ಇದನ್ನ ಮನಿಯಾಗ ಇಡಬಾರದು ಅಂತಾರೆ ಮಾವನೋರು. ಅದಕ್ಕ ತಂದೀನಿ."

"ಯಾಕೆ ತಾಯಿ? ನಿಮ್ಮ ಮಾವ ಇದೇ ಗರಡಿಯಲ್ಲಿ ಆಡಿ ಬೆಳೆದವರು."

"ಅದಕ್ಕೇ, ಗುರುಗಳೇ. ಮಣ್ಣು ಮಾಡೋ ಹೊತ್ತಿಗೆ ಪಕ್ಕದಾಗ ಕತ್ತಿ ಇಡ್ರಿ ಅಂತ ನಾನಂದೆ. ಅದರ ಮ್ಯಾಲೆ ಅವರಿಗೆ ಅಷ್ಟು ಜೀವ. ಮಾವನೋರು ಬ್ಯಾಡ ಅಂದ್ರು. ಬೆನ್ನು ತೋರಿಸಿ ಬಂದ ಮಗನ ಪಕ್ಕ ಕತ್ತಿ ಇಡಬಾರದು ಅಂದ್ರು."

ಗಂಟಿನ ಅಡಿಯಿಂದ ಆಕೆ ಒಂದು ಬಿಳಿ ಅಂಗಿ ತೆಗೆದು ಬಿಡಿಸಿ ಹಿಡಿದಳು. ಬೆನ್ನ ತುಂಬ ಕೆಮ್ಮಣ್ಣು. ಒಣಗಿ, ಕಂದಿ, ಬಟ್ಟೆಯೊಳಗೇ ಸೇರಿಹೋಗಿತ್ತು.

"ಇಲ್ಲಿಗೆ ಕಡೀ ಸಲ ಬಂದಾಗ ಹಿಂಗ ಬಂದ್ರು. ಒಗೀತೀನಿ ಅಂದ್ರೆ ಒಗಿಯಾಕ ಬಿಡಲಿಲ್ಲ. ಏನಾತು ಅಂದ್ರೆ ಹೇಳಲಿಲ್ಲ. ಒಂದೇ ಮಾತು ಕೇಳಿ ಹೋಗ್ತೀನಿ, ಗುರುಗಳೇ. ಇವರು ಓಡಿ ಬಂದಿದ್ರಾ?"

ಗುರುಗಳು ಆ ಅಂಗಿಯನ್ನು ಹಿಂದೆ ನೋಡಿರಲಿಲ್ಲ. ಬಹಳ ಹೊತ್ತು ನೋಡಿದರು.

"ನನಗೆ ಗೊತ್ತಿಲ್ಲ, ತಾಯಿ. ಗೊತ್ತಿರುವವರು ಇಲ್ಲೇ ಇರಬೇಕು."

ಇದ್ದರು. ನಾನೇ.

ಮೂರೂವರೆ ವರ್ಷದ ಹಿಂದೆ ಗುರುಗಳಿಗೆ ಲಕ್ವ ಹೊಡೆದಿತ್ತು. ಬಲಗೈ ಸೋತುಹೋಯಿತು. ಆರು ತಿಂಗಳಾದ ಮೇಲೆ ಮತ್ತೆ ಅಖಾಡಕ್ಕೆ ಇಳಿದರು. ಭಾನುವಾರ ಸಂಜೆ ಪ್ರತಿಯೊಬ್ಬ ಶಿಷ್ಯನೂ ಗುರುಗಳ ಜೊತೆ ಒಂದು ಆಟ ಆಡಬೇಕು, ಅದು ವಾಡಿಕೆ. ಅವತ್ತು ಮೊದಲು ಇಳಿದವನು ನಾನು.

ಗುರುಗಳ ಕತ್ತಿ ನನ್ನ ಭುಜದಿಂದ ಒಂದು ಗೇಣು ಆಚೆ ಹೋಯಿತು.

ಅವರನ್ನು ಸೋಲಿಸಲು ಮನಸ್ಸು ಬರಲಿಲ್ಲ. ಬಗ್ಗಿ ಮಣ್ಣು ತೆಗೆದು ಭುಜಕ್ಕೆ ಹಚ್ಚಿಕೊಂಡುಬಿಟ್ಟೆ. ಗುರುಗಳು ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿದರು.

ನನ್ನ ಹಿಂದೆ ಡಾಕ್ಟರು ಹಚ್ಚಿಕೊಂಡರು. ಶಕುಂತಲಕ್ಕ ಹಚ್ಚಿಕೊಂಡಳು. ಎಲ್ಲರೂ ಹಚ್ಚಿಕೊಂಡರು. ಗುರುಗಳನ್ನು ಗೆಲ್ಲಿಸಿದೆವು ಎಂದು ನಮಗೆಲ್ಲ ಒಳಗೊಳಗೇ ಸಮಾಧಾನ.

ಕೊನೆಗೆ ಜಂಬಣ್ಣ ಇಳಿದ. ಗುರುಗಳ ಮೂರು ಬೀಸನ್ನೂ ತಡೆದ. ನಾಲ್ಕನೆಯದಕ್ಕೆ ಅವರ ಎದೆಗೆ ಕತ್ತಿ ತಾಗಿಸಿ ನೆಲ ನೋಡುತ್ತಾ ನಿಂತ. ಗುರುಗಳು ಎಡಗೈಯಲ್ಲಿ ಮಣ್ಣು ತೆಗೆದು ಎದೆಗೆ ಹಚ್ಚಿಕೊಂಡರು. ಅವರು ಆಗ ನಕ್ಕ ಹಾಗೆ ನನಗೆ ಕಂಡಿತ್ತು. ಬಿಸಿಲಿಗೆ ಮುಖ ಕಿವುಚಿದ್ದಾರೆ ಅಂದುಕೊಂಡೆ.

ಆಮೇಲೆ ಹೊಳೆಯ ಮೆಟ್ಟಿಲ ಹತ್ತಿರ ಅವನನ್ನು ಮುತ್ತಿಕೊಂಡೆವು.

"ಕೈ ಬಿದ್ದ ಮುದುಕನನ್ನು ಹೊಡೆದು ಮೀಸೆ ತಿರುವುತ್ತೀಯೇನೋ?" ಅಂದೆ.

"ಅವರು ನಮ್ಮನ್ನ ಆಟಕ್ಕ ಕರೆದ್ರು," ಅಂದ ಜಂಬಣ್ಣ. "ನಾನು ಆಡಿದೆ."

"ಒಂದು ಚಿಟಿಕೆ ಮಣ್ಣು ಹಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

"ತಗಲಿಲ್ಲಲ್ಲೋ, ವಿರೂಪಾಕ್ಷಿ."

ಅಷ್ಟು ಹೇಳಿ ಅಂಗಿ ಕಳಚಿ ಮೆಟ್ಟಿಲ ಮೇಲಿಟ್ಟು ನೀರಿಗಿಳಿದ. ನಾನು ಎರಡು ಹಿಡಿ ಕೆಮ್ಮಣ್ಣು ತಂದೆ. ನೀರಿನಲ್ಲಿ ಕಲಸಿದೆ. ಅವನ ಅಂಗಿಯ ಬೆನ್ನಿಗೆ ಎರಡೂ ಅಂಗೈ ಒತ್ತಿ ಬಳಿದೆ. ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಇಬ್ಬರು ನಗಲಿಲ್ಲ. ಆದರೆ ತಡೆಯಲೂ ಇಲ್ಲ.

ಜಂಬಣ್ಣ ಮೇಲೆ ಬಂದ. ಅಂಗಿ ಎತ್ತಿ ನೋಡಿದ. ತೊಳೆದುಕೊಳ್ಳುತ್ತಾನೆ, ನಾಲ್ಕು ಬೈದು ನಾಳೆ ಮರೆಯುತ್ತಾನೆ ಅಂದುಕೊಂಡಿದ್ದೆ. ಅವನು ಅದನ್ನೇ ತೊಟ್ಟು, ಗುಂಡಿ ಹಾಕಿಕೊಂಡು, ಬಸ್ಸಿಗೆ ನಡೆದ.

ಈಗ ಆ ಅಂಗಿ ಮಾರೆಕ್ಕನ ಕೈಯಲ್ಲಿತ್ತು. ಆಕೆ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಡಾಕ್ಟರು ಕನ್ನಡಕ ಒರೆಸತೊಡಗಿದರು.

ನಾನು ಬಾಯಿ ತೆರೆದೆ. ಅದು ತನ್ನ ರೂಢಿಯ ದಾರಿ ಹಿಡಿಯಿತು.

"ಅಯ್ಯೋ ಅಕ್ಕಾ, ಇಷ್ಟೇನಾ? ಅವತ್ತು ಮಳೆ ಬಂದಿತ್ತು. ಜಂಬಣ್ಣ ಮೆಟ್ಟಿಲ ಹತ್ತಿರ ಜಾರಿ ಅಂಗಾತ ಬಿದ್ದ. ನಾವೆಲ್ಲ ನಕ್ಕೆವು, ಅವನಿಗೆ ಸಿಟ್ಟು ಬಂತು. ಅಷ್ಟೇ. ಓಡುವ ಗಂಡಸೇ ಅಲ್ಲ ಅವನು."

ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ನನಗೆ ಉಸಿರು ಬಂತು. ಒಳ್ಳೆಯ ಸುಳ್ಳು, ಯಾರಿಗೂ ನೋವಿಲ್ಲ.

ಮಾರೆಕ್ಕ ಅಂಗಿಯನ್ನು ಬೆಳಕಿಗೆ ಹಿಡಿದಳು.

"ಜಾರಿ ಬಿದ್ರೆ ಬೆರಳು ಮೂಡ್ತಾವಾ, ಅಣ್ಣಾ?"

ನಾನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೆ.

"ವಿರೂಪಾಕ್ಷಿ," ಅಂದರು ಗುರುಗಳು. "ಕತ್ತಿ ತಗೋ."

"ಈಗಲೇನಾ, ಗುರುಗಳೇ? ಈ ತಾಯಿ ನಿಂತಿದ್ದಾರೆ..."

"ಈಗಲೇ. ಅವರೂ ನೋಡಲಿ."

ಅಖಾಡಕ್ಕಿಳಿದೆ. ಗುರುಗಳು ಶಕುಂತಲಕ್ಕನ ಕೈ ಬಿಡಿಸಿಕೊಂಡು ಎದುರು ನಿಂತರು. ಅವರ ಬಲಗೈ ಮೇಲೇಳಲು ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ನಾನು ಒಂದು ಮದುವೆಮನೆಯ ಎಲ್ಲ ಬೀಗರನ್ನೂ ಸಾಲಾಗಿ ನಿಲ್ಲಿಸಬಹುದಿತ್ತು.

ಕತ್ತಿ ಬಂತು. ನನ್ನ ಭುಜದಿಂದ ಒಂದು ಗೇಣು ಆಚೆ ಹೋಯಿತು.

ಮೂರು ವರ್ಷದ ರೂಢಿ. ಮೈ ತಾನಾಗಿ ಬಗ್ಗಿತು. ಕೈ ತಾನಾಗಿ ಮಣ್ಣು ಹಿಡಿಯಿತು. ತಲೆಯೆತ್ತಿದೆ. ಗುರುಗಳು ನೆಲ ನೋಡುತ್ತಿದ್ದರು. ಮಾರೆಕ್ಕ ನನ್ನ ಮುಷ್ಟಿ ನೋಡುತ್ತಿದ್ದಳು.

ಮುಷ್ಟಿ ಬಿಚ್ಚಿದೆ. ಮಣ್ಣು ಕೆಳಗೆ ಬಿತ್ತು.

"ತಗುಲಲಿಲ್ಲ, ಗುರುಗಳೇ."

ಅವರು ಏನೂ ಹೇಳಲಿಲ್ಲ. ಹೇಳುವಂತಿರಲಿಲ್ಲ.

ನಾನು ಅಖಾಡದಿಂದ ಎದ್ದು ಮಾರೆಕ್ಕನ ಹತ್ತಿರ ಹೋದೆ. ಆಕೆ ಹಿಡಿದಿದ್ದ ಅಂಗಿಯ ಮೇಲೆ ನನ್ನ ಬಲಗೈ ಇಟ್ಟೆ. ಐದು ಬೆರಳೂ ಐದು ಗುರುತಿನ ಮೇಲೆ ಕೂತವು. ಚಿಕ್ಕಂದಿನಲ್ಲಿ ಮುರಿದು ಸೊಟ್ಟಗಾದ ಕಿರುಬೆರಳು ಅಲ್ಲಿಯೂ ಸೊಟ್ಟಗೇ ಇತ್ತು.

"ಅವನು ಓಡಲಿಲ್ಲ, ಅಕ್ಕಾ. ಬಳಿದವನು ನಾನು. ಅವನು ಮಾಡಿದ ತಪ್ಪು ಒಂದೇ, ನಾವೆಲ್ಲ ಸುಳ್ಳು ಆಡಿದ ದಿನ ಅವನು ನಿಜ ಆಡಿದ."

ಬೈಯುತ್ತಾಳೆ ಅಂದುಕೊಂಡೆ. ಆ ಕತ್ತಿ ಎತ್ತಿದರೂ ನಿಲ್ಲುವುದೇ ಎಂದು ನಿಂತಿದ್ದೆ.

ಆಕೆ ಅಂಗಿಯನ್ನು ಹೊಲಿಗೆಗೆ ಹೊಲಿಗೆ ಸೇರಿಸಿ ಮಡಿಸಿದಳು.

"ಹೇಳೋರು ಬಂದು ಹೇಳ್ತಾರೆ ಬಿಡು, ಅಂತಿದ್ರು ನಮ್ಮೋರು," ಅಂದಳು. "ಭಾನುವಾರ ಸಂಜೀಕ ಬಾಗಿಲಿಗೆ ಮುಖ ಮಾಡಿ ಕೂಡೋರು. ಮೂರು ವರ್ಷ. ನಿಮ್ಮೂರಿಂದ ನಮ್ಮೂರು ಎಷ್ಟು ದೂರ, ಅಣ್ಣಾ?"

"ಬಸ್ಸಿನಲ್ಲಿ ಮುಕ್ಕಾಲು ಗಂಟೆ."

"ಮುಕ್ಕಾಲು ಗಂಟೆ," ಅಂದಳು ಮಾರೆಕ್ಕ.

ಕತ್ತಿಯನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದಳು. ಗುರುಗಳ ಕಾಲು ಮುಟ್ಟಿದಳು.

"ಇದನ್ನ ಮನಿಗೆ ಒಯ್ತೀನಿ, ಗುರುಗಳೇ. ಇನ್ನ ಅವರ ಪಕ್ಕ ಇಡಾಕ ಆಗಂಗಿಲ್ಲ. ಗ್ವಾಡಿ ಮೊಳೀಗಾದ್ರೂ ತೂಗಿ ಇಡ್ತೀನಿ."

ಬಾಗಿಲ ತನಕ ಹೋಗಿ ನನ್ನ ಕಡೆ ತಿರುಗಿದಳು.

"ನಾಳೆ ಬಂದು ಮಾವನೋರ ಮುಂದ ಇದನ್ನೇ ಹೇಳ್ರಿ. ಅವರಿಗೆ ಕಿವಿ ಕೇಳಂಗಿಲ್ಲ. ಒದರಿ ಹೇಳಬೇಕು. ಓಣಿ ಮಂದಿಗೂ ಕೇಳ್ಲಿ."

"ಬರ್ತೀನಿ, ಅಕ್ಕಾ."

ಆಕೆ ಹೋದಳು. ಉಳಿದವರು ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡರು. ಆ ಭಾನುವಾರ ಸಂಜೆಯ ಆಟ ನಡೆಯಲಿಲ್ಲ. ನಾನೂ ಗುರುಗಳೂ ಉಳಿದೆವು.

"ನಿಮಗೆ ಮೊದಲ ದಿನವೇ ಗೊತ್ತಿತ್ತಾ, ಗುರುಗಳೇ? ನಾವು ಸುಮ್ಮಸುಮ್ಮನೆ ಹಚ್ಚಿಕೊಳ್ಳೋದು?"

"ಕತ್ತಿ ಗಾಳಿಗೆ ಹೋಯಿತೋ ಮೈಗೆ ಹೋಯಿತೋ, ಹಿಡಿದ ಕೈಗೆ ಗೊತ್ತಾಗಲ್ವೇನೋ? ಸೋತ ಕೈಗೂ ಗೊತ್ತಾಗುತ್ತೆ."

"ಒಂದು ಸಲ ಬೈದಿದ್ದರೆ..."

"ಗರಡಿಯ ಪದ್ಧತಿ ನಿನಗೆ ಗೊತ್ತು."

"ಪದ್ಧತಿ ಮುರಿಯಬಹುದಿತ್ತು, ಗುರುಗಳೇ. ಅವನು ಗರಡಿಯಲ್ಲೇ ಉಳಿಯುತ್ತಿದ್ದ."

ಗುರುಗಳು ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು.

"ಹೌದು," ಅಂದರು. "ಮುರಿಯಬಹುದಿತ್ತು."

ಅವರ ಕಣ್ಣು ತುಂಬಿತ್ತು. ಹದಿನೈದು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೊಂದೇ ಸಲ.

"ನಮಗೆ ನಿಮ್ಮ ಮೇಲೆ ಪ್ರೀತಿ, ಗುರುಗಳೇ," ಅಂದೆ. "ಅದಕ್ಕೇ ಹಾಗೆ ಮಾಡಿದೆವು."

ಅವರು ಗೋಡೆ ಹಿಡಿದು ಎದ್ದರು. ಒಂದೊಂದೇ ಹೆಜ್ಜೆ ಇಟ್ಟು ಅಖಾಡದ ನಡುವೆ ಹೋಗಿ ನಿಂತರು. ಕತ್ತಿ ಎತ್ತಲಿಲ್ಲ. ಎರಡೂ ಕೈ ಇಳಿಬಿಟ್ಟು, ಎದೆಯ ಮೇಲಿನ ಅಂಗಿ ಕಾಣುವ ಹಾಗೆ ನನ್ನ ಕಡೆ ತಿರುಗಿದರು. ಬೆಳ್ಳಗೆ ಒಗೆದ ಅಂಗಿ.

"ಬಾರೋ," ಅಂದರು. "ಇದಕ್ಕೆ ಮಣ್ಣಾಗಿ ಮೂರು ವರ್ಷವಾಯಿತು."

ಇಷ್ಟೇ ಕಥೆ. ಟೀ ದುಡ್ಡು ಇವತ್ತು ನೀವೇ ಕೊಟ್ಟುಬಿಡಿ.